ಜೆಸ್ಸಿ ಜೇಮ್ಸ್ ಹತ್ಯೆಯ ಚಿತ್ರವನ್ನು ನೋಡುವ ಬಗೆ

ಆಂಡ್ರೂ ಡಾಮಿನಿಕ್ ನಿರ್ದೇಶನದಲ್ಲಿ 2007ರಲ್ಲಿ ತೆರೆಕಂಡ ‘ದಿ ಅಸಾಸಿನೇಷನ್ ಆಫ್ ಜೆಸ್ಸಿ ಜೇಮ್ಸ್ ಬೈ ದ ಕವರ್ಡ್ ರಾಬರ್ಟ್ ಫೋರ್ಡ್’ ಚಿತ್ರವನ್ನು ಉಳಿದ ವೆಸ್ಟರ್ನ್ ಚಿತ್ರಗಳಂತೆಯೇ ಇರಬಹುದೆಂದು ನೋಡಲು ಕುಳಿತವರು ಅರ್ಧ ಗಂಟೆಯೊಳಗೆ ಬೇಸತ್ತು ಎದ್ದುಬಿಡುವುದುಂಟು. 160 ನಿಮಿಷಗಳ ಈ ಚಿತ್ರದಲ್ಲಿ ಇರುವುದು ಒಂದೇ ರೈಲು ದರೋಡೆ, ಅದೂ ಆರಂಭದಲ್ಲೇ ಮುಗಿದುಹೋಗುತ್ತದೆ. ನಡುಬೀದಿಯಲ್ಲಿ ಇಬ್ಬರು ಎದುರುಬದುರು ನಿಂತು ಪಿಸ್ತೂಲು ಎಳೆಯುವ ದೃಶ್ಯ ಇಲ್ಲವೇ ಇಲ್ಲ. ಯಾರು ಯಾರನ್ನು ಕೊಲ್ಲುತ್ತಾರೆಂಬುದನ್ನು ‘ಹೇಡಿ ರಾಬರ್ಟ್ ಫೋರ್ಡ್‌ನಿಂದ ಜೆಸ್ಸಿ ಜೇಮ್ಸ್‌ನ ಹತ್ಯೆ’ ಎಂಬರ್ಥದ ಹೆಸರೇ ಹೇಳಿಬಿಟ್ಟಿದೆ. ಆದ್ದರಿಂದ ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಬದಿಗಿಟ್ಟು, ಒಬ್ಬ ಹುಡುಗ ತಾನು ಆರಾಧಿಸಿದವನಿಗೇ ಹಿಂದಿನಿಂದ ಗುಂಡಿಕ್ಕುವ ಸ್ಥಿತಿಗೆ ಹೇಗೆ ಬಂದ ಎಂಬ ಪ್ರಶ್ನೆಯೊಂದನ್ನೇ ಹಿಡಿದು ಕೂರಬೇಕು. ಹಾಗೆ ಕುಳಿತವರಿಗೆ ಅಭಿಮಾನವೆಂಬುದರ ಬಗ್ಗೆ ಇಷ್ಟು ಆಳಕ್ಕಿಳಿದ ಚಿತ್ರ ಇನ್ನೊಂದು ಸಿಗುವುದು ಕಷ್ಟವೆಂದು ನಾನು ನಂಬಿದ್ದೇನೆ.

ನೋಡುವ ಮೊದಲು ಸ್ವಲ್ಪ ಇತಿಹಾಸ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅಮೆರಿಕದ ಪ್ರೇಕ್ಷಕರಿಗೆ ಗೊತ್ತಿರುವುದನ್ನು ಚಿತ್ರ ಮತ್ತೆ ವಿವರಿಸುವುದಿಲ್ಲ. ಜೆಸ್ಸಿ ಜೇಮ್ಸ್ 1847ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿದ. ಅಂತರ್ಯುದ್ಧದಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದ ದಕ್ಷಿಣದವರ ಪರವಾಗಿ ಗೆರಿಲ್ಲಾ ಗುಂಪು ಸೇರಿದ. ಯುದ್ಧ ಮುಗಿದ ಮೇಲೆ ಅಣ್ಣ ಫ್ರ್ಯಾಂಕ್‌ನೊಂದಿಗೆ ಬ್ಯಾಂಕು, ರೈಲುಗಳ ದರೋಡೆಗೆ ಇಳಿದ. ಅವರ ತಂಡದ ಕೈಯಲ್ಲಿ ಸತ್ತವರಲ್ಲಿ ನಿರಾಯುಧರಾದ ಬ್ಯಾಂಕ್ ನೌಕರರೂ ಇದ್ದರು. ಹಾಗಿದ್ದೂ ಜಾನ್ ನ್ಯೂಮನ್ ಎಡ್ವರ್ಡ್ಸ್ ಎಂಬ ಪತ್ರಿಕಾ ಸಂಪಾದಕ ಅವನನ್ನು ಹೊಗಳಿ ಬರೆದ. ಅಗ್ಗದ ಬೆಲೆಯ ಸಾಹಸಕಥೆಗಳು ಅವನನ್ನು ಬಡವರ ಬಂಧುವನ್ನಾಗಿ ಮಾಡಿದವು. 1862ರಲ್ಲಿ ಹುಟ್ಟಿದ ಬಾಬ್ ಫೋರ್ಡ್, ಅಂದರೆ ಚಿತ್ರದ ಹೆಸರಿನಲ್ಲಿರುವ ರಾಬರ್ಟ್ ಫೋರ್ಡ್, ಆ ಕಥೆಗಳನ್ನು ಓದಿಕೊಂಡು ಬೆಳೆದವನು. 1876ರ ಸೆಪ್ಟೆಂಬರ್ 7ರಂದು ನಾರ್ತ್‌ಫೀಲ್ಡ್‌ನಲ್ಲಿ ನಡೆದ ಬ್ಯಾಂಕ್ ದರೋಡೆ ವಿಫಲವಾಗಿ ಜೆಸ್ಸಿಯ ಹಳೆಯ ತಂಡ ಛಿದ್ರವಾಯಿತು. ಚಿತ್ರ ಶುರುವಾಗುವುದು ಸರಿಯಾಗಿ ಐದು ವರ್ಷಗಳ ನಂತರ, 1881ರ ಸೆಪ್ಟೆಂಬರ್ 7ರಂದು, ಬ್ಲೂ ಕಟ್ ಎಂಬಲ್ಲಿ ನಡೆದ ಕೊನೆಯ ರೈಲು ದರೋಡೆಯೊಂದಿಗೆ. ಆ ಹೊತ್ತಿಗೆ ಹಳೆಯ ಜೊತೆಗಾರರೆಲ್ಲ ಸತ್ತಿದ್ದಾರೆ ಇಲ್ಲವೇ ಜೈಲಿನಲ್ಲಿದ್ದಾರೆ. ರಾಜ್ಯಪಾಲ ಕ್ರಿಟೆಂಡನ್ ಜೇಮ್ಸ್ ಸಹೋದರರ ತಲೆಗೆ ಭಾರೀ ಬಹುಮಾನ ಘೋಷಿಸಿದ್ದಾನೆ, ಜೆಸ್ಸಿಯ ಸುತ್ತ ಉಳಿದಿರುವವರು ಅವನು ನಂಬಲಾಗದ ಹೊಸ ಹುಡುಗರು ಮಾತ್ರ.

ಚಿತ್ರವನ್ನು ಹಗಲು ಬೆಳಕು ಬೀಳುವ ಕೋಣೆಯಲ್ಲಾಗಲಿ, ಮೊಬೈಲಿನಲ್ಲಾಗಲಿ ನೋಡಬೇಡಿ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಕತ್ತಲನ್ನೇ ಇಲ್ಲಿ ಮುಖ್ಯ ಸಾಮಗ್ರಿಯಾಗಿ ಬಳಸಿದ್ದಾರೆ. ರಾತ್ರಿಯ ರೈಲು ದರೋಡೆಯಲ್ಲಿ ಮುಸುಕು ಹಾಕಿದವರು ಕಾಡಿನೊಳಗೆ ನಿಂತಿರುವಾಗ ಎಂಜಿನ್‌ನ ದೀಪ ಮರಗಳ ನಡುವೆ ಸರಿಯುತ್ತ ಬರುತ್ತದೆ. ಬೆಳಕು ಚಲಿಸಿದಂತೆ ನೆರಳುಗಳೂ ಓಡುತ್ತವೆ. ಪರದೆಯ ಮೇಲೆ ಬೇರೆ ಬೆಳಕು ಬಿದ್ದರೆ ಈ ದೃಶ್ಯದಲ್ಲಿ ಕಪ್ಪನ್ನು ಬಿಟ್ಟು ಏನೂ ಕಾಣುವುದಿಲ್ಲ. ಅಲ್ಲಲ್ಲಿ ಚಿತ್ರದ ಅಂಚುಗಳು ಮಸುಕಾಗಿ, ಹಳೆಯ ಕಾಲದ ಛಾಯಾಚಿತ್ರದಂತೆ ತೋರುತ್ತವೆ. ಅದು ದೋಷವಲ್ಲ; ಹಳೆಯ ಲೆನ್ಸ್‌ಗಳ ಭಾಗಗಳನ್ನು ಜೋಡಿಸಿ ಡೀಕಿನ್ಸ್ ಇದಕ್ಕೆಂದೇ ಲೆನ್ಸ್‌ಗಳನ್ನು ಸಿದ್ಧಪಡಿಸಿಕೊಂಡಿದ್ದರು. ಈ ಮಸುಕು ಹೆಚ್ಚಾಗಿ ನಿರೂಪಕನ ಧ್ವನಿಯ ಜೊತೆಯಲ್ಲೇ ಬರುತ್ತದೆ. ಹಾಗೆ ಬಂದಾಗಲೆಲ್ಲ, ಈಗ ಕೇಳುತ್ತಿರುವುದು ನಡೆದ ಸಂಗತಿಯಷ್ಟೇ ಅಲ್ಲ, ಜನರ ಬಾಯಲ್ಲಿ ಉಳಿದ ಕಥೆಯೂ ಹೌದು ಎಂದು ತಿಳಿಯಿರಿ.

ಆ ನಿರೂಪಣೆಯನ್ನು ಎಚ್ಚರದಿಂದ ಆಲಿಸಬೇಕು. ಹ್ಯೂ ರಾಸ್ ಅವರ ಧ್ವನಿ ಸಮಾಧಾನದಿಂದ, ಚರಿತ್ರಕಾರನ ಅಧಿಕಾರದಿಂದ ಮಾತನಾಡುತ್ತದೆ. ಅದರ ಬಹುಪಾಲು ಗದ್ಯ ಬಂದಿರುವುದು ಚಿತ್ರಕ್ಕೆ ಆಧಾರವಾದ, ರಾನ್ ಹ್ಯಾನ್ಸನ್ ಅವರ 1983ರ ಕಾದಂಬರಿಯಿಂದ. ಆದರೆ ಮಾತಿಗೂ ಚಿತ್ರಕ್ಕೂ ಎಲ್ಲೆಡೆ ತಾಳೆಯಾಗುವುದಿಲ್ಲ. ಜೆಸ್ಸಿಗೆ ರೆಪ್ಪೆಯ ತೊಂದರೆಯಿದ್ದು ಅವನು ಇತರರಿಗಿಂತ ಹೆಚ್ಚು ಕಣ್ಣು ಮಿಟುಕಿಸುತ್ತಿದ್ದನೆಂದು ಧ್ವನಿ ಹೇಳುವಾಗ ಜೆಸ್ಸಿಯ ಪಾತ್ರದ ಬ್ರ್ಯಾಡ್ ಪಿಟ್ ಅವರ ಕಣ್ಣುಗಳನ್ನು ನೋಡಿ. ಅವು ನೆಟ್ಟ ನೋಟದಿಂದ ಕದಲುವುದಿಲ್ಲ.

ಮೊದಲ ಅರ್ಧ ಗಂಟೆಯಲ್ಲಿ ನಿಮ್ಮ ಗಮನವೆಲ್ಲ ಬಾಬ್ ಫೋರ್ಡ್ ಪಾತ್ರದ ಕೇಸಿ ಅಫ್ಲೆಕ್ ಅವರ ಮೇಲಿರಲಿ. ಕಾಡಿನಲ್ಲಿ ಫ್ರ್ಯಾಂಕ್ ಜೇಮ್ಸ್‌ನ ಬಳಿ ಬಂದು ತನ್ನನ್ನು ತಂಡಕ್ಕೆ ಸೇರಿಸಿಕೊಳ್ಳುವಂತೆ ಬಾಬ್ ಕೇಳುವ ದೃಶ್ಯದಲ್ಲಿ ಅವನ ಮಾತಿಗಿಂತ ಮಾತಿನ ನಡುವಿನ ನಿಲುಗಡೆಗಳು ಮುಖ್ಯ. ತನ್ನಲ್ಲಿ ಏನೋ ವಿಶೇಷವಿದೆ ಎಂದು ಅವನು ಗಾಢವಾಗಿ ನಂಬಿದ್ದಾನೆ, ಆದರೆ ಏನೆಂದು ಹೇಳಲು ಅವನಿಗೆ ಬರುವುದಿಲ್ಲ. ಫ್ರ್ಯಾಂಕ್‌ಗೆ ಅವನನ್ನು ಕಂಡರೆ ಮೈ ಜುಮ್ಮೆನ್ನುತ್ತದೆ. ಜೆಸ್ಸಿ ಮಾತ್ರ ಹತ್ತಿರ ಬಿಟ್ಟುಕೊಳ್ಳುತ್ತಾನೆ. ತನ್ನನ್ನು ಹೊಗಳುವ ಕಣ್ಣುಗಳು ಜೆಸ್ಸಿಗೂ ಬೇಕಾಗಿವೆ ಎಂಬ ಸುಳಿವು ಇಲ್ಲೇ ಸಿಗುತ್ತದೆ. ಬಾಬ್ ತನ್ನ ಹಾಸಿಗೆಯ ಕೆಳಗೆ ಪೆಟ್ಟಿಗೆಯೊಂದರಲ್ಲಿ ಜೆಸ್ಸಿಗೆ ಸಂಬಂಧಿಸಿದ ಕಥೆಪುಸ್ತಕಗಳನ್ನೂ ನೆನಪಿನ ವಸ್ತುಗಳನ್ನೂ ಬಚ್ಚಿಟ್ಟಿರುವುದು ತಿಳಿದ ಮೇಲೆ ಅವನ ಪ್ರತಿಯೊಂದು ನೋಟಕ್ಕೂ ಬೇರೆ ಅರ್ಥ ಬರುತ್ತದೆ.

ಇಡೀ ಚಿತ್ರದ ಕೀಲಿ ಊಟದ ಮೇಜಿನ ದೃಶ್ಯದಲ್ಲಿದೆ, ಅಲ್ಲಿ ಒಂದು ಕ್ಷಣವೂ ಕಣ್ಣು ತೆಗೆಯಬೇಡಿ. ಅಣ್ಣ ಚಾರ್ಲಿ ಕೆಣಕಿದ್ದಕ್ಕೆ ಬಾಬ್ ತನಗೂ ಜೆಸ್ಸಿಗೂ ಇರುವ ಹೋಲಿಕೆಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಇಬ್ಬರೂ ಮನೆಯ ಕಿರಿಯ ಗಂಡುಮಕ್ಕಳು, ಇಬ್ಬರದೂ ನೀಲಿ ಕಣ್ಣು, ಇಬ್ಬರ ಎತ್ತರವೂ ಒಂದೇ. ಹೇಳುತ್ತ ಹೋದಂತೆ ಆ ಪಟ್ಟಿಯ ಬಡತನ ಅವನಿಗೇ ಅರಿವಾಗುತ್ತದೆ, ಆದರೂ ನಿಲ್ಲಿಸಲಾರ. ಸುತ್ತ ಕುಳಿತವರು ನಗುತ್ತಾರೆ. ಜೆಸ್ಸಿ ಅವನನ್ನು ಕಾಪಾಡುವುದಿಲ್ಲ. ಬದಲಿಗೆ ಇನ್ನೊಂದು ಕಥೆ ಹೇಳಿ ಅವಮಾನವನ್ನು ಇಮ್ಮಡಿ ಮಾಡುತ್ತಾನೆ. ಅಭಿಮಾನ ದ್ವೇಷವಾಗುವ ಗಳಿಗೆ ಇದೇ ಎಂದು ನಾನು ಭಾವಿಸುತ್ತೇನೆ. ಬಹುಮಾನದ ಹಣ, ಜೀವಭಯ, ಅಧಿಕಾರಿಗಳ ಒತ್ತಡ ಎಲ್ಲವೂ ಮುಂದೆ ಬಂದು ಸೇರಿಕೊಳ್ಳುವ ಕಾರಣಗಳು. ನಿನಗೆ ನನ್ನಂತಾಗಬೇಕೋ ಅಥವಾ ನಾನೇ ಆಗಿಬಿಡಬೇಕೋ ಎಂಬ ಪ್ರಶ್ನೆಯನ್ನು ಜೆಸ್ಸಿಯೇ ಬಾಬ್‌ಗೆ ಕೇಳುತ್ತಾನೆ. ಅದಕ್ಕೆ ಬಾಬ್ ಉತ್ತರಿಸುವುದಿಲ್ಲ.

ನಡುವಿನ ಭಾಗದಲ್ಲಿ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ವುಡ್ ಹೈಟ್ ಜೆಸ್ಸಿಯ ಸೋದರಸಂಬಂಧಿ. ಡಿಕ್ ಲಿಡಿಲ್ ಹೆಂಗಸರ ಹಿಂದೆ ಬಿದ್ದವನು. ಎಡ್ ಮಿಲ್ಲರ್ ಹೆದರಿಕೆಯನ್ನು ಮುಚ್ಚಿಡಲು ಬಾರದವನು. ಜಿಮ್ ಕಮಿನ್ಸ್ ಜೆಸ್ಸಿ ಹುಡುಕುತ್ತಿರುವವನು. ಇಷ್ಟು ನೆನಪಿದ್ದರೆ ಸಾಕು, ಯಾರು ಯಾರನ್ನು ಏಕೆ ಅನುಮಾನಿಸುತ್ತಾರೆಂಬ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ. ಜೆಸ್ಸಿ ಕೋಣೆಗೆ ಕಾಲಿಟ್ಟೊಡನೆ ಉಳಿದವರ ಉಸಿರಾಟ ಹೇಗೆ ಬದಲಾಗುತ್ತದೆ, ಅವನ ನಗುವಿಗೆ ತಾವೂ ನಗಬೇಕೋ ಬೇಡವೋ ಎಂದು ಅವರು ಹೇಗೆ ತಡವರಿಸುತ್ತಾರೆ ಎಂಬುದನ್ನು ನೋಡಿ. ಹುಡುಗನೊಬ್ಬನನ್ನು ಕ್ರೂರವಾಗಿ ಹೊಡೆದ ಜೆಸ್ಸಿ ಮರುಗಳಿಗೆಯಲ್ಲಿ ಕುದುರೆಗೆ ಮುಖವೊತ್ತಿ ಅಳುತ್ತಾನೆ. ಹೆಪ್ಪುಗಟ್ಟಿದ ನೀರಿನ ಮೇಲೆ ನಿಂತು ಚಾರ್ಲಿಯೊಂದಿಗೆ ಆತ್ಮಹತ್ಯೆಯ ಮಾತೆತ್ತುತ್ತಾನೆ. ಈ ಪಾತ್ರಕ್ಕಾಗಿ ಪಿಟ್ ಅವರಿಗೆ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆತದ್ದು ನ್ಯಾಯವಾಗಿಯೇ ಇದೆ. ಒಂದೇ ಸಲ ಪೂರ್ತಿ ನೋಡಲಾಗದಿದ್ದರೆ ಫೋರ್ಡ್‌ಗಳ ಮನೆಯ ಮಹಡಿಯ ಮೇಲೆ ವುಡ್ ಹೈಟ್ ಸತ್ತ ನಂತರ ನಿಲ್ಲಿಸಿ, ಮರುದಿನ ಮುಂದುವರಿಸಬಹುದು. ಅದಕ್ಕಿಂತ ಹೆಚ್ಚು ತುಂಡು ಮಾಡಿದರೆ ಭಯ ಮೆಲ್ಲಗೆ ಹೆಪ್ಪುಗಟ್ಟುವ ಆ ಅನುಭವ ಕೈತಪ್ಪುತ್ತದೆ.

ಸೇಂಟ್ ಜೋಸೆಫ್ ಊರಿನ ಬಾಡಿಗೆ ಮನೆಯಲ್ಲಿ ಥಾಮಸ್ ಹೋವರ್ಡ್ ಎಂಬ ಸುಳ್ಳು ಹೆಸರಿನಲ್ಲಿದ್ದ ಜೆಸ್ಸಿ ಸತ್ತದ್ದು 1882ರ ಏಪ್ರಿಲ್ 3ರಂದು. ಕೊಲೆಗೂ ಮೊದಲು ಬಾಬ್ ಒಬ್ಬನೇ ಜೆಸ್ಸಿಯ ಮಲಗುವ ಕೋಣೆಯಲ್ಲಿ ಅಡ್ಡಾಡುವ ಭಾಗವನ್ನು ಬಿಡದೆ ನೋಡಬೇಕು: ಅವನ ಹಾಸಿಗೆಯಲ್ಲಿ ಮಲಗುತ್ತಾನೆ, ಅವನ ಲೋಟದ ನೀರು ಕುಡಿಯುತ್ತಾನೆ, ಜೆಸ್ಸಿಯ ತುಂಡಾದ ಬೆರಳನ್ನು ನೆನೆದು ತನ್ನ ಬೆರಳನ್ನು ಮಡಿಸಿಕೊಳ್ಳುತ್ತಾನೆ. ಕೊಲೆಯ ದೃಶ್ಯದಲ್ಲಿ ಜೆಸ್ಸಿ ಸೊಂಟದ ಪಿಸ್ತೂಲುಗಳನ್ನು ಬಿಚ್ಚಿಟ್ಟು, ಕುರ್ಚಿ ಹತ್ತಿ, ಗೋಡೆಯ ಚಿತ್ರದ ಧೂಳು ಒರೆಸಲು ತೊಡಗುತ್ತಾನೆ. ಆ ಚಿತ್ರದ ಗಾಜಿನಲ್ಲಿ ಹಿಂದೆ ನಿಂತ ಬಾಬ್‌ನ ಪ್ರತಿಬಿಂಬವಿದೆ. ಜೆಸ್ಸಿಗೆ ಗೊತ್ತಿತ್ತು, ಅವನು ಬೇಕೆಂದೇ ಬೆನ್ನು ತಿರುಗಿಸಿದ ಎಂದೇ ನನಗೆ ತೋರುತ್ತದೆ. ನೀವು ಬೇರೆಯಾಗಿ ಓದಿದರೂ ಅದಕ್ಕೆ ಚಿತ್ರದಲ್ಲಿ ಆಸ್ಪದವಿದೆ.

ಇಲ್ಲಿಗೆ ಕಥೆ ಮುಗಿಯಿತೆಂದು ಎದ್ದುಬಿಡಬೇಡಿ. ಚಿತ್ರದ ಶ್ರೇಷ್ಠ ಭಾಗ ಇದರ ನಂತರದ್ದು. ಜೆಸ್ಸಿಯ ಶವದ ಛಾಯಾಚಿತ್ರಗಳು ಮಾರಾಟವಾಗುತ್ತವೆ. ಚರಿತ್ರೆಯಲ್ಲಿ ಫೋರ್ಡ್ ಸಹೋದರರಿಗೆ ಗಲ್ಲು ಶಿಕ್ಷೆ ವಿಧಿಸಿದ ದಿನವೇ ಕ್ರಿಟೆಂಡನ್ ಕ್ಷಮಾದಾನ ನೀಡಿದ. ಅನಂತರ ಅವರು ಆ ಕೊಲೆಯನ್ನೇ ನಾಟಕವಾಗಿ ರಂಗದ ಮೇಲೆ ಆಡುತ್ತಾರೆ. ಬಾಬ್ ಬಾಬ್‌ನ ಪಾತ್ರ, ಚಾರ್ಲಿ ಜೆಸ್ಸಿಯ ಪಾತ್ರ. ತಾನು ಶ್ಲಾಘನೆಯನ್ನು ನಿರೀಕ್ಷಿಸಿದ್ದೆ ಎಂದು ಬಾಬ್ ಒಪ್ಪಿಕೊಳ್ಳುವಲ್ಲಿ ಅಫ್ಲೆಕ್ ಅವರ ಅಭಿನಯವನ್ನು ಗಮನಿಸಿ; ಆಸ್ಕರ್‌ನ ಪೋಷಕ ನಟ ವಿಭಾಗಕ್ಕೆ ಅವರ ಹೆಸರು ನಾಮನಿರ್ದೇಶನಗೊಂಡಿತ್ತು. ಮದ್ಯದಂಗಡಿಯಲ್ಲಿ ಬಾಬ್‌ನ ಎದುರೇ ಅವನನ್ನು ಹೇಡಿಯೆಂದು ಹಾಡುವ ಲಾವಣಿಕಾರನ ಪಾತ್ರದಲ್ಲಿರುವವರು ವಾರನ್ ಎಲ್ಲಿಸ್ ಜೊತೆಗೂಡಿ ಚಿತ್ರಕ್ಕೆ ಸಂಗೀತ ನೀಡಿದ ನಿಕ್ ಕೇವ್. 1892ರ ಜೂನ್ 8ರಂದು ಕೊಲೊರಾಡೊದ ಕ್ರೀಡ್‌ನಲ್ಲಿ ಎಡ್ವರ್ಡ್ ಓಕೆಲಿ ಎಂಬವನು ಬಾಬ್‌ನನ್ನು ಕೊಂದ. ಬಾಬ್‌ನನ್ನು ಕೊಂದವನ ಬಗ್ಗೆ ಸಾಹಸಕಥೆಗಳನ್ನು ಓದಿ ಬೆಳೆದ ಹುಡುಗರು ಯಾರೂ ಇರಲಿಲ್ಲ.

ಚಿತ್ರ ಹಿಡಿಸಿದರೆ ಕೆಲವು ವಾರಗಳ ನಂತರ ಇನ್ನೊಮ್ಮೆ ನೋಡಿ, ಆಗ ಸ್ಯಾಮ್ ರಾಕ್‌ವೆಲ್ ಅಭಿನಯಿಸಿದ ಚಾರ್ಲಿಯನ್ನು ಮಾತ್ರ ಹಿಂಬಾಲಿಸಿ. ಮೊದಲ ಸಲ ಅವನು ನಗಿಸಲೆಂದು ಇಟ್ಟ ಪಾತ್ರದಂತೆ ಕಾಣುತ್ತಾನೆ. ಎರಡನೆಯ ಸಲ, ಪ್ರತಿ ಮೇಜಿನಲ್ಲೂ ಎಲ್ಲರಿಗಿಂತ ಮೊದಲು ಭಯವನ್ನು ಗುರುತಿಸಿ ಅದನ್ನು ನಗುವಿನಿಂದ ತಗ್ಗಿಸಲು ಹೆಣಗುವವನು ಅವನೇ ಎಂಬುದು ತಿಳಿಯುತ್ತದೆ. ರಂಗದ ಮೇಲೆ ಜೆಸ್ಸಿಯಾಗಿ ಪ್ರದರ್ಶನದಿಂದ ಪ್ರದರ್ಶನಕ್ಕೆ ಸಾಯುತ್ತ ಹೋದಂತೆ ಅವನು ತಮ್ಮನನ್ನು ನೋಡುವ ರೀತಿಯೂ ಬದಲಾಗುತ್ತದೆ. ನಿಜವಾದ ಚಾರ್ಲಿ ಫೋರ್ಡ್ 1884ರ ಮೇ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ಎಂಬುದನ್ನು ತಿಳಿದು ನೋಡಿದಾಗ, ಮಂಜಿನ ಮೇಲೆ ಜೆಸ್ಸಿ ಅವನೊಂದಿಗೆ ಆಡಿದ ಮಾತುಗಳನ್ನು ಚಿತ್ರ ಏಕೆ ಅಷ್ಟು ಮುಂಚಿತವಾಗಿ ಇಟ್ಟಿತ್ತೆಂಬುದೂ ಸ್ಪಷ್ಟವಾಗುತ್ತದೆ.