ಹಳೇ ನಾಣ್ಯ ಹುಡುಕುವುದು ಹೇಗೆ? ಮೊದಲು ಜಾಗ, ಆಮೇಲೆ ಮೆಷಿನ್

ನೆಲದೊಳಗಿನ ಲೋಹ ಪತ್ತೆಹಚ್ಚುವ ಮೆಷಿನ್, ಅಂದರೆ ಮೆಟಲ್ ಡಿಟೆಕ್ಟರ್, ಈಗ ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತದೆ. ಕೆಲವು ಸಾವಿರ ರೂಪಾಯಿಯದ್ದೂ ಇದೆ, ಲಕ್ಷ ದಾಟುವುದೂ ಇದೆ. ‘ಯಾವ ಮೆಷಿನ್ ತಗೊಂಡರೆ ಹಳೇ ನಾಣ್ಯ ಸಿಗುತ್ತದೆ?’ ಎಂದು ಆಸಕ್ತರು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ. ಎಲ್ಲಿ ಹುಡುಕುತ್ತೀರಿ? ಆ ಜಾಗ ಯಾರದು?

ಉತ್ತರ ಕನ್ನಡದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಬನವಾಸಿ ಕದಂಬರ ರಾಜಧಾನಿಯಾಗಿದ್ದ ಊರು. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯಲ್ಲಿ 2000-01ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಮಾಡಿದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ, ಫಿರಂಗಿ ಗುಂಡುಗಳು ಸಿಕ್ಕವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡಿರುವ ಕೋಟೆ ಅದು. ಕಾಳುಮೆಣಸಿನ ವ್ಯಾಪಾರ ಈ ಕರಾವಳಿಗೆ ಯಾರ್ಯಾರನ್ನು ಕರೆತಂದಿತ್ತು ಎನ್ನುವುದಕ್ಕೆ ಆ ವಸ್ತುಗಳು ಸಾಕ್ಷಿ. ಅದೇ ನಾಣ್ಯವನ್ನು ಯಾರೋ ರಾತ್ರಿ ಅಗೆದು ಕಿಸೆಗೆ ಹಾಕಿಕೊಂಡಿದ್ದರೆ? ಬರೀ ಒಂದು ಚಿನ್ನದ ತುಂಡು, ಅಷ್ಟೇ. ನಾಣ್ಯದ ಅರ್ಧ ಬೆಲೆ ಅದು ಬಿದ್ದಿದ್ದ ಜಾಗದಲ್ಲೇ ಇರುತ್ತದೆ.

ಹೋಗಬಾರದ ಜಾಗ

ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಅಪರಾಧ. ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ. ಹಾಗಾಗಿ ಮಿರ್ಜಾನ್ ಕೋಟೆ, ಬನವಾಸಿಯ ಮಧುಕೇಶ್ವರ ದೇವಸ್ಥಾನದಂಥ ಜಾಗಕ್ಕೆ ಡಿಟೆಕ್ಟರ್ ಒಯ್ಯುವುದೇ ಬೇಡ. ಹಾಳುಬಿದ್ದ ಬಸದಿ, ಪಾಳು ಕೋಟೆ, ದೇವಸ್ಥಾನದ ಕೆರೆ, ನಾಗಬನ ಇವೂ ಬೇಡ, ಅಲ್ಲಿ ಬೋರ್ಡ್ ಇರಲಿ, ಬಿಡಲಿ. ಅರಣ್ಯ ಇಲಾಖೆಯ ಜಾಗದಲ್ಲೂ ಅಗೆಯುವ ಹಾಗಿಲ್ಲ. ನಮ್ಮ ಜಿಲ್ಲೆಯ ಬಹುಪಾಲು ಕಾಡೇ ಆಗಿರುವುದರಿಂದ ಇದನ್ನು ಮರೆಯಬೇಡಿ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ. ಅದರ ಆಸುಪಾಸಿನ ಕಡಲತೀರದಲ್ಲಿ ಇಂಥ ಮೆಷಿನ್ ಹಿಡಿದು ಓಡಾಡಿದರೆ ಅನುಮಾನ ಬರುವುದು ಸಹಜ.

ಹಾಗಾದರೆ ಎಲ್ಲಿ? ನಿಮ್ಮ ಮನೆಯ ಅಂಗಳ, ಹಿತ್ತಲು. ಗುರುತಿನವರ ಅಡಿಕೆ ತೋಟ, ಗದ್ದೆ. ಹಳೇ ಸಂತೆ ನಡೆಯುತ್ತಿದ್ದ ಖಾಸಗಿ ಬಯಲು. ಮಾಲೀಕರ ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಏನಾದರೂ ಸಿಕ್ಕರೆ ಏನು ಮಾಡಬೇಕೆಂದು ಆಗಲೇ ಮಾತಾಡಿಕೊಳ್ಳಿ. ಸಾರ್ವಜನಿಕ ಬೀಚಾದರೆ ಸ್ಥಳೀಯ ಪೊಲೀಸ್ ಠಾಣೆಗೆ ಮತ್ತು ಪಂಚಾಯ್ತಿ ಅಥವಾ ನಗರಸಭೆಗೆ ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಇಳಿಯಿರಿ. ಊರಿನ ಹಿರಿಯರನ್ನು ಮಾತಾಡಿಸಿ. ದೋಣಿ ಎಲ್ಲಿ ಬಂದು ನಿಲ್ಲುತ್ತಿತ್ತು, ಯಕ್ಷಗಾನ ಮೇಳ ಎಲ್ಲಿ ಆಟ ಆಡುತ್ತಿತ್ತು ಎಂದು ಅವರೇ ಹೇಳುತ್ತಾರೆ. ಜನ ಸೇರಿ ಕೂತು ಎದ್ದ ಕಡೆ ಚಿಲ್ಲರೆ ಬಿದ್ದಿರುತ್ತದೆ.

ಮೆಷಿನ್ ಏನು ಹೇಳುತ್ತದೆ?

ಕೋಲಿನ ತುದಿಯ ದುಂಡನೆಯ ಕಾಯಿಲ್ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹ ಇದ್ದರೆ ಅದರಲ್ಲಿ ಸಣ್ಣಗೆ ವಿದ್ಯುತ್ ಸುತ್ತುತ್ತದೆ. ಅದು ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಮೆಷಿನ್ ಅದನ್ನು ಹಿಡಿಯುತ್ತದೆ. ಬೆಳ್ಳಿ, ತಾಮ್ರಕ್ಕೆ ಸಾಮಾನ್ಯವಾಗಿ ಮೆಷಿನ್ನಿನ ಪರದೆಯಲ್ಲಿ ದೊಡ್ಡ ನಂಬರ್ ಮತ್ತು ಕೀರಲು ಸದ್ದು. ಕಬ್ಬಿಣಕ್ಕೆ ಚಿಕ್ಕ ನಂಬರ್, ಗೊಗ್ಗರು ಸದ್ದು. ಕಾಸಿನಗಲದ ವಸ್ತುವನ್ನು ಸಾಧಾರಣ ಮೆಷಿನ್ 15ರಿಂದ 20 ಸೆಂಟಿಮೀಟರ್ ಆಳದವರೆಗೆ ಹಿಡಿಯಬಹುದು. ವಿಜಯನಗರ ಕಾಲದ ಚಿನ್ನದ ‘ಹಣ’ ಅರ್ಧ ಗ್ರಾಮಿಗಿಂತಲೂ ಹಗುರ. ಅಷ್ಟು ಚಿಕ್ಕದು ಸ್ವಲ್ಪ ಆಳದಲ್ಲಿದ್ದರೂ ತಪ್ಪಿಹೋಗುತ್ತದೆ.

ಮೊದಲ ವಾರ ಮನೆಯಂಗಳದಲ್ಲೇ ಅಭ್ಯಾಸ ಮಾಡಿ. ಹಳೇ ಡಬ್ಬಿಯಲ್ಲಿರುವ ನಾಣ್ಯ ತೆಗೆದುಕೊಳ್ಳಿ. ನಯಾ ಪೈಸೆ, ಅಲ್ಯೂಮಿನಿಯಂ ಹತ್ತು ಪೈಸೆ, 1943ರಿಂದ 1947ರವರೆಗೆ ಬಂದ ತೂತಿನ ಕಾಸು, ಈಗಿನ ಒಂದು ರೂಪಾಯಿ. ಜೊತೆಗೊಂದು ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿಯ ಮುಚ್ಚಳ. 5, 10, 15 ಸೆಂಟಿಮೀಟರ್ ಆಳಕ್ಕೆ ಹೂತು ಒಂದೊಂದರ ಸದ್ದು ಕೇಳಿ. ಈಗಿನ ರೂಪಾಯಿ ಸ್ಟೀಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ‘ಕಬ್ಬಿಣ ಬೇಡ’ ಎಂದು ಸೆಟ್ ಮಾಡಿದರೆ ಮೆಷಿನ್ ಅದನ್ನೂ ಬಿಟ್ಟು ಮುಂದೆ ಹೋಗಬಹುದು.

ಕಾಯಿಲನ್ನು ನೆಲಕ್ಕೆ ಸಮವಾಗಿ, ಎರಡು ಬೆರಳು ಎತ್ತರದಲ್ಲಿ ಹಿಡಿದು ನಿಧಾನವಾಗಿ ಆಚೀಚೆ ಬೀಸಿ. ಬೀಸುವ ಕೊನೆಗೆ ಮೇಲಕ್ಕೆತ್ತುವುದು ಎಲ್ಲರಿಗೂ ಅಂಟುವ ಚಾಳಿ, ಬಿಡಿಸಿಕೊಳ್ಳಿ. ಸದ್ದು ಬಂದರೆ ಅಲ್ಲೇ ನಿಂತು ಕಾಲುಭಾಗ ತಿರುಗಿ ಮತ್ತೆ ಬೀಸಿ. ದುಂಡಗಿನ ನಾಣ್ಯ ಯಾವ ಕಡೆಯಿಂದಲೂ ಹೆಚ್ಚುಕಮ್ಮಿ ಒಂದೇ ಥರ, ಗಟ್ಟಿಯಾಗಿ ಸದ್ದು ಮಾಡುತ್ತದೆ. ಮೊಳೆಯದು ಒಂದು ಕಡೆಯಿಂದ ಕೂಗಿ ಇನ್ನೊಂದು ಕಡೆಯಿಂದ ಒಡೆದುಹೋಗುತ್ತದೆ.

ನಮ್ಮ ಕೆಂಪು ಮಣ್ಣು ಇಲ್ಲಿ ತುಂಬಾ ಕಾಟ ಕೊಡುತ್ತದೆ. ಚಿರೇಕಲ್ಲಿನ ನೆಲದಲ್ಲಿ ಕಬ್ಬಿಣದ ಅಂಶ ಜಾಸ್ತಿ. ಏನೂ ಇಲ್ಲದಿದ್ದರೂ ಮೆಷಿನ್ ಸುಮ್ನೆ ಕಿರುಗುಟ್ಟುತ್ತದೆ. ಅದಕ್ಕೇ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನದೇ ಸದ್ದು ಅಡಗಿಸುವ ಸೌಲಭ್ಯ, ಇರುವ ಮೆಷಿನ್ ಕೊಳ್ಳಿ. ಲೋಹ ಇಲ್ಲದ ಕಡೆ ಕಾಯಿಲನ್ನು ಮೇಲೆ ಕೆಳಗೆ ಆಡಿಸುತ್ತಾ ಸದ್ದು ಅಡಗುವವರೆಗೆ ಹೊಂದಿಸಿ. ಸೆನ್ಸಿಟಿವಿಟಿ (ಮೆಷಿನ್ನಿನ ಸೂಕ್ಷ್ಮತೆ) ಇಳಿಸಿ. ಚಿಕ್ಕ ಕಾಯಿಲ್ ಇದ್ದರೆ ಇಂಥ ನೆಲಕ್ಕೆ ಅದೇ ವಾಸಿ. ಮಳೆಗಾಲ ಮುಗಿದ ಮೇಲೆ, ಮಣ್ಣಿನಲ್ಲಿ ಹಸಿ ಇರುವಾಗ ಅಗೆಯುವುದು ಸುಲಭ. ಏಪ್ರಿಲ್ ಹೊತ್ತಿಗೆ ಇದೇ ನೆಲ ಕಲ್ಲಾಗಿರುತ್ತದೆ.

ಕಡಲತೀರದಲ್ಲಿ

ಒಣ ಮರಳಿನಲ್ಲಿ ತೊಂದರೆ ಇಲ್ಲ. ಒದ್ದೆ ಮರಳಿನಲ್ಲಿ ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಮೆಷಿನ್ ಗೊಂದಲಕ್ಕೆ ಬೀಳುತ್ತದೆ. ಉಪ್ಪುಮರಳಿಗೆಂದೇ ಇರುವ ಬೀಚ್ ಮೋಡ್ ನಿಮ್ಮ ಮೆಷಿನ್ನಿನಲ್ಲಿದ್ದರೆ ಹಾಕಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಳಿತ ಜಾಸ್ತಿ, ಆಗ ಹೆಚ್ಚು ಮರಳು ತೆರೆದುಕೊಳ್ಳುತ್ತದೆ. ಮಳೆಗಾಲದ ಅಲೆ ಮರಳು ಕೊರೆದು ಒಯ್ದಾಗ ಭಾರದ ವಸ್ತುಗಳು ಹಿಂದೆ ಉಳಿಯುತ್ತವೆ. ಆದರೆ ಕಡಲು ಪೂರ್ತಿ ತಣಿಯುವವರೆಗೆ ನೀರಂಚಿಗೆ ಹೋಗಬೇಡಿ. ರಂಪಣಿ ಬಲೆ ಎಳೆಯುವ ಜಾಗದಲ್ಲಿ ಬಲೆಯ ಸೀಸದ ಗುಂಡುಗಳು ಬಿದ್ದಿರುತ್ತವೆ. ನಾಣ್ಯ ಎಂದೇ ಅನಿಸುವ ಸದ್ದು ಅವುಗಳದ್ದು. ಮೀನುಗಾರರು ಕೆಲಸದಲ್ಲಿದ್ದರೆ ಆ ಕಡೆ ಹೋಗಬೇಡಿ.

ಜನವರಿಯಿಂದ ಮಾರ್ಚ್ ಹೊತ್ತಿಗೆ ಕಡಲಾಮೆಗಳು ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗದಂಥ ತೀರಗಳಿಗೆ ಮೊಟ್ಟೆ ಇಡಲು ಬರುತ್ತವೆ. ಆ ತಿಂಗಳುಗಳಲ್ಲಿ ಅಲ್ಲಿ ಅಗೆಯಲೇಬೇಡಿ. ಗೂಡು ಒಡೆದರೆ ಸರಿಮಾಡಲು ಆಗುವುದಿಲ್ಲ.

ಅಗೆಯುವುದು, ತೊಳೆಯುವುದು

ಗುದ್ದಲಿ ಬೇಡ. ಗಿಡ ನೆಡುವ ಸಣ್ಣ ಕರಣೆ ಸಾಕು, ಮರಳಿಗೆ ಜರಡಿ. ಹುಲ್ಲಿದ್ದರೆ ಕುದುರೆ ಲಾಳದ ಆಕಾರದಲ್ಲಿ ಕೊಯ್ದು, ಒಂದು ಕಡೆ ಬೇರು ಬಿಟ್ಟು ಮಗುಚಿ. ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿಕೊಳ್ಳಿ. ಮಣ್ಣಿನಲ್ಲಿ ತುಸು ಹಸಿರು ಬಣ್ಣ ಕಂಡರೆ ಕರಣೆ ಬದಿಗಿಟ್ಟು ಬೆರಳಲ್ಲೇ ಬಿಡಿಸಿ. ತಾಮ್ರ ಹತ್ತಿರದಲ್ಲೇ ಇರುತ್ತದೆ. ಕರಣೆಯ ಅಂಚು ತಾಗಿದರೆ ಟಿಪ್ಪು ಕಾಲದ ಪೈಸೆಯ ಆನೆಯ ಮೇಲೆ ಹೊಸ ಗೀರು ಬೀಳುತ್ತದೆ. ಆಮೇಲೆ ಗುಂಡಿ ಮುಚ್ಚಿ ತುಳಿದು ಸಮ ಮಾಡಿ. ಸಿಕ್ಕ ತಗಡು, ಮೊಳೆ ಮನೆಗೆ ತನ್ನಿ, ಅಲ್ಲೇ ಬಿಸಾಡಬೇಡಿ.

ಒಂದಕ್ಕಿಂತ ಹೆಚ್ಚು ನಾಣ್ಯ ಒಟ್ಟಿಗೆ ಕಂಡರೆ, ಅಥವಾ ಮಡಕೆ ಚೂರು ಜೊತೆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಫೋಟೊ ತೆಗೆಯಿರಿ, ಫೋನಿನಲ್ಲಿ ಜಾಗದ ಗುರುತು ಹಾಕಿ, ಆಳ ಬರೆದುಕೊಳ್ಳಿ. ಮುಂದೆ ಅಗೆಯುವುದು ತಿಳಿದವರ ಕೆಲಸ.

ನಮ್ಮ ಮನೆಗಳಲ್ಲಿ ತಾಮ್ರದ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ರೂಢಿ. ನಾಣ್ಯಕ್ಕೆ ಅದನ್ನು ದಯವಿಟ್ಟು ಮಾಡಬೇಡಿ. ಹುಳಿ ತಾಗಿದರೆ ಹಳೇ ಮೇಲ್ಪದರ ಕಿತ್ತುಬರುತ್ತದೆ, ಅಕ್ಷರವೂ ಹೋಗುತ್ತದೆ. ವಿಭೂತಿ, ಪೇಸ್ಟ್, ಬ್ರಷ್ ಯಾವುದೂ ಬೇಡ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಡಿ, ನೀರು ಬದಲಿಸುತ್ತಾ ಇರಿ. ಕಡಲಲ್ಲಿ ಸಿಕ್ಕ ತಾಮ್ರಕ್ಕೆ ಇದು ಹೆಚ್ಚು ದಿನ ಬೇಕು. ಒಳಗೆ ಉಪ್ಪು ಉಳಿದರೆ ತಿಳಿಹಸಿರು ಪುಡಿ ಎದ್ದು ನಾಣ್ಯವನ್ನೇ ತಿನ್ನುತ್ತದೆ.

ನೆಲದಲ್ಲಿ ಸಿಕ್ಕ ಹಳೇ ನಾಣ್ಯ ಸಿಕ್ಕವರ ಸ್ವಂತದ್ದಾಗುವುದಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಏನು ಸಿಕ್ಕಿತು, ಎಲ್ಲಿ, ಯಾವತ್ತು ಎಂದು ಬರೆದು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಪುರಾತನ ವಸ್ತು, ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಬೀಚಿನಲ್ಲಿ ಯಾರದೋ ಉಂಗುರ, ಸರ ಸಿಕ್ಕರೆ ಪೊಲೀಸ್ ಠಾಣೆಗೆ ಕೊಡಿ. ಅಧಿಕಾರಿಗಳು ಬರುವವರೆಗೆ ನಾಣ್ಯವನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ನಮ್ಮ ಕಡೆಯ ತೇವಕ್ಕೆ ಪಕ್ಕದಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಸಿಕ್ಕ ಜಾಗದ ವಿವರವನ್ನು ಲಕೋಟೆಯ ಮೇಲೇ ಬರೆಯಿರಿ.