ತೆರಿಗೆ ತನಿಖೆಯ ವಿಮೆ: ಬ್ರಿಟನ್ನಿನ ಗುತ್ತಿಗೆದಾರನಾಗಿ ನನ್ನ ಅನುಭವ

ಬ್ರಿಟನ್ನಿನಲ್ಲಿ ಸ್ವಂತ ಲಿಮಿಟೆಡ್ ಕಂಪನಿಯ ಮೂಲಕ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ನನ್ನಂಥವರಿಗೆಲ್ಲ ಐಆರ್35 ನಿಯಮ ಚೆನ್ನಾಗಿ ಗೊತ್ತು. 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ನಿಯಮದ ತಿರುಳು ಒಂದೇ ಪ್ರಶ್ನೆ: ನಡುವೆ ನಿಮ್ಮ ಕಂಪನಿ ಇಲ್ಲದಿದ್ದರೆ ನೀವು ಗ್ರಾಹಕ ಸಂಸ್ಥೆಯ ನೌಕರರೇ ಆಗಿರುತ್ತಿದ್ದಿರೇ? ಹೌದೆಂದಾದರೆ, ಸ್ವಲ್ಪ ಸಂಬಳವಾಗಿಯೂ ಉಳಿದದ್ದನ್ನು ಲಾಭಾಂಶವಾಗಿಯೂ ಪಡೆದ ದುಡಿಮೆಯ ಹಣವನ್ನು ಬಹುಪಾಲು ಸಂಬಳವೆಂದೇ ಲೆಕ್ಕಹಾಕಿ ಆದಾಯ ತೆರಿಗೆಯನ್ನೂ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆಯನ್ನೂ ಕಟ್ಟಬೇಕಾಗುತ್ತದೆ. ಬೆಂಗಳೂರಿನ ಕಂಪನಿಗಳಿಂದ ಇಲ್ಲಿಗೆ ಬಂದು, ಶಾಶ್ವತ ವಾಸದ ಅನುಮತಿ ಸಿಕ್ಕ ಮೇಲೆ ನೌಕರಿ ಬಿಟ್ಟು ಗುತ್ತಿಗೆ ಕೆಲಸಕ್ಕೆ ಇಳಿಯುವ ಕನ್ನಡದ ಗೆಳೆಯರು ನನ್ನನ್ನು ಮೊದಲು ಕೇಳುವುದು, ವೃತ್ತಿ ಸಂಘದ ಸದಸ್ಯತ್ವಕ್ಕೂ, ತೆರಿಗೆ ಇಲಾಖೆ ತನಿಖೆಗೆ ಇಳಿದಾಗ ತಜ್ಞರ ಖರ್ಚನ್ನು ಭರಿಸುವ ತನಿಖೆಯ ವಿಮೆಗೂ ಹಣ ಹಾಕುವುದು ಅಗತ್ಯವೇ ಎಂದು. ಅಗತ್ಯ ಎಂಬುದೇ ನನ್ನ ಉತ್ತರ. ಆದರೆ ಆ ವಿಮೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ತಿಳಿದೇ ಹಣ ಕಟ್ಟಬೇಕು.

ಐಆರ್35 ಪ್ರಸ್ತಾಪವಾದ 1999ರಲ್ಲೇ ಅದನ್ನು ವಿರೋಧಿಸಲು ಗುತ್ತಿಗೆದಾರರು ಪ್ರೊಫೆಷನಲ್ ಕಾಂಟ್ರ್ಯಾಕ್ಟರ್ಸ್ ಗ್ರೂಪ್ ಕಟ್ಟಿದರು. ನಿಯಮವನ್ನೇ ಪ್ರಶ್ನಿಸಿ 2001ರಲ್ಲಿ ನ್ಯಾಯಾಲಯಕ್ಕೆ ಹೋಗಿ ಸೋತರು. ಆದರೂ ಸಂಘ ಉಳಿಯಿತು. ಗಂಡ ಹೆಂಡಿರಿಬ್ಬರೂ ಷೇರುದಾರರಾಗಿದ್ದ ಆರ್ಕ್‌ಟಿಕ್ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿಯ ಲಾಭಾಂಶದ ಮೊಕದ್ದಮೆಯಲ್ಲಿ ಅದು ಆ ದಂಪತಿಯ ಬೆನ್ನಿಗೆ ನಿಂತಿತು. 2007ರಲ್ಲಿ, ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ತೀರ್ಪು ದಂಪತಿಯ ಪರವಾಗಿ ಬಂತು. 2014ರಲ್ಲಿ ಸಂಘದ ಹೆಸರು ಐಪಿಎಸ್ಇ ಎಂದಾಯಿತು. ಒಬ್ಬೊಬ್ಬರಾಗಿ ಇಂಥ ಮೊಕದ್ದಮೆಯ ಖರ್ಚನ್ನು ಹೊರುವುದು ನಮ್ಮ ಕೈಲಾಗದ ಮಾತು. ನಾನು ಸದಸ್ಯನಾದದ್ದಕ್ಕೆ ವಿಮೆಯಷ್ಟೇ ಈ ಚರಿತ್ರೆಯೂ ಕಾರಣ.

ಸದಸ್ಯತ್ವದ ಜೊತೆಗೆ ಬರುವ ವಿಮೆಯಂಥದ್ದನ್ನೇ ಅನೇಕ ಅಕೌಂಟೆಂಟರೂ ವರ್ಷಕ್ಕಿಷ್ಟು ಎಂದು ಶುಲ್ಕ ಪಡೆದು ಒದಗಿಸುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಷರತ್ತುಗಳನ್ನು ಓದಿದಾಗ ನನಗೆ ಮುಖ್ಯವೆನಿಸಿದ್ದು ಪ್ರೀಮಿಯಂ ಅಲ್ಲ. ಸಾಮಾನ್ಯ ಪಾಲಿಸಿ ಕೊಡುವುದು ನಮ್ಮ ಪರವಾಗಿ ವಾದಿಸುವ ತಜ್ಞರ ಶುಲ್ಕವನ್ನು ಮಾತ್ರ. ತೆರಿಗೆ, ಬಡ್ಡಿ, ದಂಡ ನಮ್ಮ ತಲೆಯ ಮೇಲೆಯೇ ಉಳಿಯುತ್ತವೆ, ಅವುಗಳನ್ನೂ ಭರಿಸುವ ಪಾಲಿಸಿ ಬೇಕಿದ್ದರೆ ಬೇರೆಯಾಗಿ ಕೊಳ್ಳಬೇಕು. ಪಾಲಿಸಿ ಪಡೆಯುವ ಮೊದಲೇ ಶುರುವಾದ ತನಿಖೆಗೆ, ಬೇಕೆಂದೇ ಆದಾಯ ಮುಚ್ಚಿಟ್ಟ ಪ್ರಕರಣಕ್ಕೆ ರಕ್ಷಣೆಯಿಲ್ಲ. ರಿಟರ್ನ್‌ಗಳನ್ನು ಗಡುವಿನೊಳಗೆ ಸಲ್ಲಿಸದವರಿಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಐಆರ್35 ವಿವಾದ ಸೇರಿದೆಯೇ ಅಥವಾ ಲೆಕ್ಕಪತ್ರದ ತನಿಖೆ ಮಾತ್ರವೇ ಎಂಬುದನ್ನು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಬೇಕು. 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಗ್ರಾಹಕರು, ಕೆಲಸ ಐಆರ್35ರ ಅಡಿ ಬರುತ್ತದೆಯೇ ಎಂಬ ನಿರ್ಣಯವನ್ನು ತಾವೇ ಮಾಡಬೇಕಾಗಿದ್ದರೂ, ಸಣ್ಣ ಕಂಪನಿಗಳಿಗೆ ಕೆಲಸ ಮಾಡುವಾಗ ಹೊಣೆ ಗುತ್ತಿಗೆದಾರನ ಕಂಪನಿಯದ್ದೇ. ನನ್ನ ಗ್ರಾಹಕರು ಬಹುಪಾಲು ಸಣ್ಣವರು.

ನನ್ನ ಕಂಪನಿಯ ಒಂದು ವರ್ಷದ ತೆರಿಗೆ ರಿಟರ್ನ್ ಕುರಿತು ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್ಎಂಆರ್‌ಸಿಯಿಂದ ವಿಚಾರಣೆಯ ಪತ್ರ ಬಂದಾಗ, ಉತ್ತರವಾಗಿ ಒಂದು ಸಾಲನ್ನೂ ಬರೆಯದೆ ಮೊದಲು ವಿಮೆಯ ಸಹಾಯವಾಣಿಗೆ ಕರೆ ಮಾಡಿದೆ, ಏಕೆಂದರೆ ತಡಮಾಡದೆ ತಿಳಿಸಬೇಕೆಂಬುದೂ, ಅವರ ಒಪ್ಪಿಗೆಯಿಲ್ಲದೆ ಬೇರೊಬ್ಬರಿಗೆ ಪ್ರಕರಣ ಒಪ್ಪಿಸಬಾರದೆಂಬುದೂ ಪಾಲಿಸಿಯ ಷರತ್ತುಗಳಾಗಿದ್ದವು. ಅವರು ಗೊತ್ತುಮಾಡಿದ ಸಲಹೆಗಾರ್ತಿ, ನನ್ನ ಪರವಾಗಿ ಇಲಾಖೆಯೊಡನೆ ವ್ಯವಹರಿಸಲು ಅಧಿಕಾರ ಕೊಡುವ 64-8 ನಮೂನೆಗೆ ನನ್ನ ಸಹಿ ಪಡೆದು ಪತ್ರವ್ಯವಹಾರವನ್ನು ತಾವೇ ವಹಿಸಿಕೊಂಡರು. ಅವರು ಮೊದಲು ಕೇಳಿದ್ದು ಒಪ್ಪಂದದ ಪ್ರತಿಯನ್ನಲ್ಲ, ದಿನನಿತ್ಯದ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು. 1968ರ ರೆಡಿ ಮಿಕ್ಸ್ಡ್ ಕಾಂಕ್ರೀಟ್ ತೀರ್ಪಿನಿಂದ ಬಂದ ಕೆಲವು ಪ್ರಶ್ನೆಗಳು, ಒಬ್ಬ ನೌಕರನೋ ಅಲ್ಲವೋ ಎಂಬ ಐಆರ್35ರ ಪ್ರಶ್ನೆಗೆ ಇಂದಿಗೂ ಅಳತೆಗೋಲು: ಕೆಲಸವನ್ನು ನಾನೇ ಖುದ್ದಾಗಿ ಮಾಡಬೇಕಿತ್ತೇ, ಹೇಗೆ ಮಾಡಬೇಕೆಂದು ಹೇಳುವ ಹಕ್ಕು ಯಾರದಾಗಿತ್ತು, ಕೆಲಸ ಕೊಡುವ ಮತ್ತು ಮಾಡುವ ಕಟ್ಟುಪಾಡು ಇಬ್ಬರಿಗೂ ಇತ್ತೇ. ಒಪ್ಪಂದದಲ್ಲಿ ಎಷ್ಟು ಚೆನ್ನಾಗಿ ಬರೆದುಕೊಂಡಿದ್ದರೂ ಕಚೇರಿಯಲ್ಲಿ ನಡೆದದ್ದು ಬೇರೆಯಾಗಿದ್ದರೆ ಅದು ನಿಲ್ಲುವುದಿಲ್ಲ.

ಇಲ್ಲಿ ನನ್ನ ಕೈ ಹಿಡಿದದ್ದು ಪ್ರತಿ ಗುತ್ತಿಗೆಯ ಆರಂಭದಲ್ಲೇ ಗ್ರಾಹಕರ ಕಡೆಯ ವ್ಯವಸ್ಥಾಪಕರಿಂದ ಸಹಿ ಮಾಡಿಸಿಟ್ಟಿದ್ದ ಪತ್ರ. ಕೆಲಸದ ವಿಧಾನವನ್ನು ನಾನೇ ನಿರ್ಧರಿಸುತ್ತೇನೆ, ನನ್ನ ಬದಲಿಗೆ ಅರ್ಹರನ್ನು ಕಳಿಸಬಹುದು, ಒಪ್ಪಿದ ಕೆಲಸ ಮುಗಿದ ಮೇಲೆ ಹೊಸ ಕೆಲಸ ಕೊಡುವ ಬಾಧ್ಯತೆ ಅವರಿಗಿಲ್ಲ ಎಂದು ಅದರಲ್ಲಿತ್ತು. ವರ್ಷಗಳಾದ ಮೇಲೆ ಇಂಥ ಪತ್ರ ಕೇಳಲು ಹೋದರೆ ಸಹಿ ಹಾಕಬೇಕಾದವರು ಕಂಪನಿಯನ್ನೇ ಬಿಟ್ಟಿರುತ್ತಾರೆ, ಇದ್ದರೂ ಆಗ ನಡೆದದ್ದನ್ನು ನೆನಪಿನಿಂದ ಹೇಳಬೇಕಾಗುತ್ತದೆ. ಒಮ್ಮೆ ನಾನು ಊರಿಗೆ ಹೋಗಬೇಕಾಗಿ ಬಂದಾಗ ಬದಲಿ ಎಂಜಿನಿಯರ್ ಒಬ್ಬರನ್ನು ಕಳಿಸಿ ನನ್ನ ಕಂಪನಿಯಿಂದಲೇ ಹಣ ಕೊಟ್ಟಿದ್ದೆ. ಅವರ ಬಿಲ್ಲು ಮತ್ತು ಬ್ಯಾಂಕಿನ ದಾಖಲೆ ಎರಡೂ ಇದ್ದುದರಿಂದ ಬದಲಿಯ ಹಕ್ಕು ಬರೀ ಕಾಗದದ ಮಾತಲ್ಲವೆಂದು ತೋರಿಸಲು ಸಾಧ್ಯವಾಯಿತು. ಲೆಕ್ಕಪತ್ರಗಳನ್ನು ಕಾನೂನಿನಂತೆ 6 ವರ್ಷ ಇಡಲೇಬೇಕು. ಮಿಂಚಂಚೆ ಮತ್ತು ಈ ಪತ್ರಗಳನ್ನೂ ನಾನು ಅವುಗಳ ಜೊತೆಗೇ ಇಡುತ್ತೇನೆ.

ಹಲವು ಪತ್ರಗಳು ಆಚೀಚೆ ಓಡಾಡಿದ ನಂತರ ರಿಟರ್ನ್‌ನಲ್ಲಿ ಯಾವ ಬದಲಾವಣೆಯೂ ಬೇಕಿಲ್ಲವೆಂಬ ಮುಕ್ತಾಯದ ನೋಟಿಸ್ ಬಂತು. ಸಲಹೆಗಾರ್ತಿಯ ಶುಲ್ಕವನ್ನು ವಿಮೆ ಪೂರ್ತಿಯಾಗಿ ಕೊಟ್ಟಿತು. ಆ ಶುಲ್ಕ ನನ್ನ ಕೈಯಿಂದ ಹೋಗಬೇಕಾಗಿದ್ದರೆ, ಹೋರಾಡುವುದಕ್ಕಿಂತ ಕೇಳಿದಷ್ಟು ಕಟ್ಟಿ ಮುಗಿಸುವ ಯೋಚನೆ ಬಂದೇ ಬರುತ್ತಿತ್ತು.

ಗುತ್ತಿಗೆ ಬಿಟ್ಟು ಮತ್ತೆ ನೌಕರಿಗೆ ಸೇರುವವರು ಸದಸ್ಯತ್ವವನ್ನು ಅಂದೇ ನಿಲ್ಲಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಸಾಮಾನ್ಯವಾಗಿ 4 ವರ್ಷ, ಅಜಾಗರೂಕತೆ ಕಂಡುಬಂದರೆ 6 ವರ್ಷ, ಉದ್ದೇಶಪೂರ್ವಕ ವಂಚನೆಯಾದರೆ 20 ವರ್ಷ ಹಿಂದಿನ ತೆರಿಗೆಯನ್ನೂ ಇಲಾಖೆ ಕೆದಕಬಹುದು; ವಿಮೆಯಾದರೋ ತನಿಖೆ ಶುರುವಾಗುವ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ನೆರವಿಗೆ ಬರುತ್ತದೆ. ಕಂಪನಿ ಮುಚ್ಚಿದ ಮೇಲೆ ಹಳೆಯ ವರ್ಷಗಳಿಗೆ ಎಷ್ಟು ಕಾಲ ರಕ್ಷಣೆ ಮುಂದುವರಿಯುತ್ತದೆ ಎಂಬುದನ್ನು ಮುಚ್ಚುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.