ಮೂರು ದಬ್ಬೆ, ಎಂಟು ಕೋನ

ಸಿರಸಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನನಗೆ ಪ್ರತಿವರ್ಷವೂ ಒಂದೇ ತಪ್ಪು ಎದುರಾಗುತ್ತದೆ. ಎರಡು ಗೆರೆಗಳನ್ನು ಓರೆಗೆರೆಯೊಂದು ಕಡಿದಿದ್ದರೆ ಸಾಕು, ‘ಪರ್ಯಾಯ ಕೋನಗಳು, ಆದ್ದರಿಂದ ಸಮ’ ಎಂದು ಬರೆದುಬಿಡುತ್ತಾರೆ. ಆ ಗೆರೆಗಳು ಸಮಾಂತರವೇ ಎಂದು ನೋಡುವುದೇ ಇಲ್ಲ. ಇದನ್ನು ಹಾಳೆಯ ಮೇಲಲ್ಲ, ಅಂಗಳದಲ್ಲಿ ಕಲಿಸಿ. ನೆಟ್ಟಗಿರುವ ಮೂರು ಅಡಿಕೆ ದಬ್ಬೆ, ಸ್ವಲ್ಪ ಹುರಿ ಸಾಕು.

ಮೊದಲು ಎರಡು ದಬ್ಬೆಗಳನ್ನು ಅಡ್ಡಡ್ಡ ಕಟ್ಟಿ. ಎದುರುಬದುರಿನ ಶೃಂಗಾಭಿಮುಖ ಕೋನಗಳು ಸಮ. ಅಕ್ಕಪಕ್ಕದ ಸರಳಯುಗ್ಮ ಸೇರಿ 180 ಡಿಗ್ರಿ. ಒಂದು 65 ಆದರೆ ಪಕ್ಕದ್ದು 115.

ಇನ್ನು ಮೂರನೆಯ ದಬ್ಬೆಯನ್ನು ಮೊದಲನೆಯದಕ್ಕೆ ಸಮಾಂತರವಾಗಿ, ಓರೆಯಾಗಿರುವ ಎರಡನೆಯ ದಬ್ಬೆಗೆ ಸಡಿಲವಾಗಿ ಕಟ್ಟಿ. ಓರೆಯದು ಛೇದಕ. ಎರಡೂ ಗಂಟುಗಳಲ್ಲಿ ಒಂದೇ ಜಾಗದಲ್ಲಿರುವವು ಅನುರೂಪ ಕೋನಗಳು. ಮೊದಲನೆಯ ಮತ್ತು ಮೂರನೆಯ ದಬ್ಬೆಗಳ ನಡುವೆ ಒಳಗಿದ್ದು, ಛೇದಕದ ಆಚೆಗೊಂದು ಈಚೆಗೊಂದು ಇರುವವು ಪರ್ಯಾಯ. ಈ ಎರಡು ಬಗೆಯೂ ಈಗ ಸಮ. ಒಳಗೆ ಒಂದೇ ಮಗ್ಗುಲಲ್ಲಿರುವ ಎರಡರ ಮೊತ್ತ 180.

ಅಳೆಯುವಾಗ ಕೋನಮಾಪಕದ ಅಂಚನ್ನಲ್ಲ, ಸೊನ್ನೆಯ ಗೆರೆಯನ್ನು ದಬ್ಬೆಗೆ ಕೂಡಿಸಿ. ಗೆರೆ ಮಾಸಿದ ಅಗ್ಗದ ಕೋನಮಾಪಕವನ್ನು ಎಸೆದುಬಿಡಿ.

ಈಗ ಮುಖ್ಯ ಕೆಲಸ. ಮೂರನೆಯ ದಬ್ಬೆಯನ್ನು, 65ರ ಕೋನ ಹಿಗ್ಗುವ ಕಡೆಗೆ 10 ಡಿಗ್ರಿ ತಿರುಗಿಸಿ. ಆ ಗಂಟಿನ 65 ಈಗ 75, 115 ಈಗ 105. ಅಲ್ಲಿ ಎದುರುಬದುರಿನವು ಈಗಲೂ ಸಮ, ಅಕ್ಕಪಕ್ಕದವು ಈಗಲೂ 180. ಪರ್ಯಾಯ ಕೋನಗಳು ಮಾತ್ರ 65 ಮತ್ತು 75. ಹೆಸರು ಉಳಿದಿದೆ, ಸಮತೆ ಹೋಗಿದೆ. ಮಗು ಇದನ್ನು ತಾನೇ ಅಳೆದು ನೋಡಲಿ, ಅವಸರ ಮಾಡಬೇಡಿ. ಒಳಕೋನಗಳ ಮೊತ್ತ ಒಂದು ಮಗ್ಗುಲಲ್ಲಿ 170, ಇನ್ನೊಂದರಲ್ಲಿ 190. ಹುರಿ ಎಳೆದು ದಬ್ಬೆಗಳನ್ನು ಮುಂದುವರಿಸಿದರೆ ಅವು 170 ಇರುವ ಕಡೆಯೇ ಕೂಡುತ್ತವೆ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆ, ಅಂದರೆ ಸಾಧಿಸದೆ ಒಪ್ಪಿಕೊಂಡ ಮೂಲ ಮಾತು, ಹೇಳುವುದು ಇದನ್ನೇ!

ಪರ್ಯಾಯ ಕೋನ ಗುರುತಿಸಲು ಚಿತ್ರದಲ್ಲಿ ಇಂಗ್ಲಿಷಿನ ಝಡ್ ಅಕ್ಷರ ಹುಡುಕಿಸುವ ಅಡ್ಡದಾರಿ ಬೇಡವೇ ಬೇಡ. ತಿರುಗಿಸಿದ ದಬ್ಬೆಯಲ್ಲೂ ಝಡ್ ಕಾಣುತ್ತದೆ.

ಉತ್ತರದ ಮೊದಲ ಸಾಲಿನಲ್ಲಿ, ಗೆರೆಗಳು ಸಮಾಂತರವೆಂದು ಹೇಗೆ ತಿಳಿಯಿತು ಎಂಬುದನ್ನು ಬರೆಸಿ: ಪ್ರಶ್ನೆಯಲ್ಲಿ ಹೇಳಿದೆಯೋ, ಚಿತ್ರದಲ್ಲಿ ಬಾಣದ ಗುರುತಿದೆಯೋ. ಎರಡೂ ಇಲ್ಲದಿದ್ದರೆ ‘ಪರ್ಯಾಯ ಕೋನಗಳು ಸಮ’ ಎಂಬ ಸಾಲನ್ನು ಹೊಡೆದುಹಾಕಿ, ಚಿತ್ರವನ್ನು ಮತ್ತೊಮ್ಮೆ ನೋಡಲು ಹೇಳಿ.